ಪಾದಚಾರಿ ಸುರಕ್ಷತೆ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ

ರಸ್ತೆಯಲ್ಲಿ ನಡೆದು ಹೋಗುವವರ ಜೀವಕ್ಕೆ ವಾಹನಗಳಿಂದ ಕುತ್ತು ಬರದಂತೆ ಕಾಯುವ ಕಟ್ಟುಪಾಡು, ಕಾನೂನು ಮತ್ತು ರೂಢಿಗಳೆಲ್ಲ ಪಾದಚಾರಿ ಸುರಕ್ಷತೆಯ ವ್ಯಾಪ್ತಿಗೆ ಬರುತ್ತವೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಯಾವ ವಾಹನವನ್ನೂ ಏರಿರಲಿಲ್ಲ, ನಡೆಯುತ್ತಿದ್ದರು. ಜಗತ್ತಿನ ಲೆಕ್ಕವೂ ಇದಕ್ಕಿಂತ ಬಹಳ ಬೇರೆಯಿಲ್ಲ. ರಸ್ತೆಯಲ್ಲಿ ಸಾಯುವ ಪ್ರತಿ ಐವರಲ್ಲಿ ಸುಮಾರು ಒಬ್ಬರು ಪಾದಚಾರಿಗಳೇ.

ಈ ವಿಷಯದ ಚರ್ಚೆ ಬಹುಮಟ್ಟಿಗೆ ಬೆಂಗಳೂರಿನಂಥ ಮಹಾನಗರಗಳ ಸುತ್ತಲೇ ನಡೆಯುತ್ತದೆ. ಆದರೆ ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಭಾಗದ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳ ಸ್ಥಿತಿಯನ್ನು ಬೇರೆಯಾಗಿಯೇ ನೋಡಬೇಕು. 2011ರ ಜನಗಣತಿಯಲ್ಲಿ ಇವುಗಳಲ್ಲಿ ಯಾವ ಊರೂ ಒಂದು ಲಕ್ಷ ಮುಟ್ಟಿರಲಿಲ್ಲ. ಹಾಗಿದ್ದೂ ವರ್ಷದ ಐದಾರು ತಿಂಗಳು ಇಲ್ಲಿಯ ರಸ್ತೆಗಳ ಮೇಲೆ ಬೀಳುವ ಭಾರ ದೊಡ್ಡ ನಗರಕ್ಕೆ ಕಡಿಮೆಯದಲ್ಲ. ಆ ಭಾರ ಕಬ್ಬಿನದು. ಸಿಗ್ನಲ್ ನೋಡಿ ದಾಟಿ, ಜೀಬ್ರಾ ಪಟ್ಟಿಯ ಮೇಲೆ ನಡೆಯಿರಿ ಎಂಬ ಪಠ್ಯಪುಸ್ತಕದ ಬುದ್ಧಿಮಾತು ಸಿಗ್ನಲ್ಲೂ ಪಟ್ಟಿಯೂ ಅಪರೂಪವಾಗಿರುವ ಕಡೆ ಅರ್ಧ ಕೆಲಸವನ್ನೂ ಮಾಡದು. ಇಲ್ಲಿ ನಡೆಯುವವರಿಗೆ ಬೇಕಾದದ್ದು ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ನಡೆ ಹೇಗಿರುತ್ತದೆ ಎಂಬ ತಿಳಿವಳಿಕೆ, ಕಾಲಿಡಲು ಒಂದಿಷ್ಟು ಜಾಗ ಮತ್ತು ರಾತ್ರಿ ಬೆಳಕು.

ಊರು ಮತ್ತು ರಸ್ತೆ

ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನದ ರಾಜಧಾನಿಗಳಾಗಿದ್ದವು. 1948ರಲ್ಲಿ ಎರಡೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಎರಡರ ಹಳೆಯ ಪ್ಯಾಟಿಯೂ ಚಕ್ಕಡಿ, ಟಾಂಗಾ ಓಡಾಡುತ್ತಿದ್ದ ಕಾಲದ ಅಳತೆಯದು. ಅಂಗಡಿಯ ಮೆಟ್ಟಿಲು ಗಟಾರದ ಮೇಲೆ, ಗಟಾರ ಡಾಂಬರಿನ ಅಂಚಿಗೆ, ಅದರಾಚೆಗೆ ನಿಲ್ಲಿಸಿದ ಬೈಕುಗಳ ಸಾಲು. ನಡೆಯುವವನಿಗೆ ಉಳಿಯುವುದು ರಸ್ತೆಯ ನಡುಭಾಗವೊಂದೇ. ವಿಜಯಪುರದಿಂದ ಜಮಖಂಡಿ, ಮುಧೋಳ ಹಾದು ಬೆಳಗಾವಿ ಕಡೆಗೆ ಹೋಗುವ ವಾಹನಗಳೂ ಈ ಊರುಗಳ ಮೇಲೆಯೇ ಹೋಗಬೇಕು.

ರಬಕವಿ-ಬನಹಟ್ಟಿ ನೇಕಾರರ ಜೋಡಿ ಊರು. ಜಮಖಂಡಿಯಿಂದ ತೇರದಾಳ, ಕುಡಚಿ ಕಡೆಗೆ ಹೋಗುವ ರಸ್ತೆಯೇ ಊರಿನ ಬೆನ್ನೆಲುಬು. ಹೀಗಾಗಿ ಹೆದ್ದಾರಿಯೂ ಅದೇ, ಸಂಜೆ ತರಕಾರಿ ತರಲು ಹೋಗುವ ಬೀದಿಯೂ ಅದೇ. ಬೀಳಗಿ ನಾಲ್ಕರಲ್ಲಿ ಚಿಕ್ಕದು, ಪಟ್ಟಣ ಪಂಚಾಯಿತಿ ಇರುವ ಊರು. ಹುಬ್ಬಳ್ಳಿ-ವಿಜಯಪುರ ಹೆದ್ದಾರಿ ಊರ ಹೊರಗಿನ ಬೀಳಗಿ ಕ್ರಾಸಿನ ಮೇಲೆ ಹಾದು ಕೃಷ್ಣೆಯ ಹಿನ್ನೀರಿನ ಕೊರ್ತಿ-ಕೊಲ್ಹಾರ ಸೇತುವೆ ದಾಟುತ್ತದೆ. ಕ್ರಾಸಿನಲ್ಲಿ ಬಸ್ಸಿಳಿದು ಹೆದ್ದಾರಿಯ ಆ ಬದಿಗೆ ದಾಟುವುದೇ ಅಲ್ಲಿಯ ದೊಡ್ಡ ಅಪಾಯ.

ಬಾಗಲಕೋಟೆ-ಕುಡಚಿ ರೈಲು ಮಾರ್ಗ ಈ ಸೀಮೆಗೆ ಇನ್ನೂ ಪೂರ್ತಿಯಾಗಿ ಒದಗಿಲ್ಲ. ಜನ, ಕಬ್ಬು, ಸಕ್ಕರೆ, ನೂಲು, ಸೀರೆ ಎಲ್ಲವೂ ರಸ್ತೆಯ ಮೇಲೆಯೇ ಓಡಬೇಕು.

ಹಂಗಾಮಿನ ತಿಂಗಳುಗಳು

ಕೃಷ್ಣಾ ಮತ್ತು ಘಟಪ್ರಭೆಯ ನೀರು ಈ ತಾಲ್ಲೂಕುಗಳನ್ನು ಕಬ್ಬಿನ ಸೀಮೆಯಾಗಿಸಿದೆ. ಮುಧೋಳದ ನಿರಾಣಿ ಶುಗರ್ಸ್, ಸಮೀರವಾಡಿಯ ಗೋದಾವರಿ, ಸಿದ್ದಾಪುರದ ಪ್ರಭುಲಿಂಗೇಶ್ವರ, ಹಿರೇಪಡಸಲಗಿಯ ಜಮಖಂಡಿ ಶುಗರ್ಸ್, ಬಾಡಗಂಡಿಯ ಬೀಳಗಿ ಶುಗರ್ಸ್ ಮೊದಲಾದ ಕಾರ್ಖಾನೆಗಳು ಹತ್ತಿರ ಹತ್ತಿರದಲ್ಲೇ ಇವೆ. ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್‌ನಲ್ಲಿ ಶುರುವಾಗಿ ಮಾರ್ಚ್ ಆಸುಪಾಸಿಗೆ ಮುಗಿಯುತ್ತದೆ. ಕಡಿದ ಕಬ್ಬು ಒಣಗಿದಷ್ಟೂ ತೂಕ ಮತ್ತು ಇಳುವರಿ ಇಳಿಯುವುದರಿಂದ ಸಾಗಣೆ ಹಗಲು ರಾತ್ರಿ ನಡೆಯುತ್ತದೆ. ಚಾಲಕನಿಗೆ ಪಾಳಿ ತಪ್ಪಬಾರದೆಂಬ ಅವಸರ, ನಿದ್ದೆಗೆಟ್ಟ ಕಣ್ಣು. ಪಾದಚಾರಿಯ ಸುರಕ್ಷತೆ ಇಲ್ಲಿ ಕಾರ್ಖಾನೆಯ ಗೇಟಿನ ವೇಳಾಪಟ್ಟಿಗೆ ಗಂಟುಬಿದ್ದಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಟ್ರ್ಯಾಕ್ಟರಿನ ಹಿಂದೆ ಒಂದರ ಬೆನ್ನಿಗೊಂದು ಎರಡು ಟ್ರೇಲರ್. ಒಟ್ಟು ಹದಿನೈದಿಪ್ಪತ್ತು ಟನ್ ಕಬ್ಬು. ಟ್ರೇಲರಿನ ಮೈಗಿಂತ ಅಗಲಕ್ಕೆ ಎರಡೂ ಬದಿ ಚಾಚಿದ ಗಳಗಳು. ಇಂಥ ಗಾಡಿ ಸರ್ಕಲ್ಲಿನಲ್ಲಿ ಎಡಕ್ಕೆ ತಿರುಗುವುದನ್ನು ಗಮನಿಸಿದರೆ ಅಪಾಯ ಎಲ್ಲಿದೆಯೆಂದು ಕಣ್ಣಿಗೆ ಕಾಣುತ್ತದೆ. ಟ್ರ್ಯಾಕ್ಟರಿನ ಮುಂದಿನ ಗಾಲಿ ದೊಡ್ಡ ಸುತ್ತು ಹಾಕಿ ಹೋಗುತ್ತದೆ. ಮೊದಲ ಟ್ರೇಲರ್ ಅದಕ್ಕಿಂತ ಒಳಗೆ ಸರಿಯುತ್ತದೆ. ಎರಡನೆಯದು ಇನ್ನೂ ಒಳಗೆ ಬಂದು ಮೂಲೆಯ ಅಂಗಡಿಯ ಕಟ್ಟೆಯನ್ನೇ ಸವರುವಂತೆ ಹೋಗುತ್ತದೆ. ಟ್ರ್ಯಾಕ್ಟರ್ ದಾಟಿತಲ್ಲ ಎಂದು ಆ ಮೂಲೆಯಲ್ಲಿ ಒಂದು ಹೆಜ್ಜೆ ಮುಂದಿಟ್ಟವರು ಎರಡನೆಯ ಟ್ರೇಲರಿನ ದಾರಿಯಲ್ಲೇ ನಿಂತಿರುತ್ತಾರೆ. ಚಾಲಕನಿಗೆ ಅವರು ಕಾಣುವುದಿಲ್ಲ, ಏಕೆಂದರೆ ನಡುವೆ ಕಬ್ಬಿನ ಗೋಡೆಯೇ ಇರುತ್ತದೆ. ಕೂಡು ರಸ್ತೆಯಲ್ಲಿ ಟ್ರ್ಯಾಕ್ಟರ್ ತಿರುಗುತ್ತಿದ್ದರೆ ಒಳಮೂಲೆಯಿಂದ ದೂರ ಸರಿದು, ಕೊನೆಯ ಟ್ರೇಲರ್ ನೆಟ್ಟಗಾಗುವವರೆಗೆ ಕಾಯುವುದು ಈ ಊರುಗಳ ಮೊದಲ ಪಾಠವಾಗಬೇಕು.

ಎರಡನೆಯ ಪಾಠ ಬ್ರೇಕಿನದು. ಬಹಳಷ್ಟು ಟ್ರೇಲರುಗಳಿಗೆ ತಮ್ಮದೇ ಬ್ರೇಕ್ ಇರುವುದಿಲ್ಲ, ಇಡೀ ಭಾರವನ್ನು ಟ್ರ್ಯಾಕ್ಟರಿನ ಹಿಂದಿನ ಗಾಲಿಗಳೇ ತಡೆಯಬೇಕು. ಚಾಲಕ ಒತ್ತಿ ಹಿಡಿದರೂ ಹಿಂದಿನ ಟನ್ನುಗಟ್ಟಲೆ ಕಬ್ಬು ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಇಳಿಜಾರಿನಲ್ಲಂತೂ ಟ್ರೇಲರ್ ಅಡ್ಡಲಾಗಿ ತಿರುಗಿಬಿಡಬಹುದು. ಕೊಂಡಿಯ ಮೇಲೆ ಭಾರ ಹೆಚ್ಚಾದಾಗ ಮುಂದಿನ ಗಾಲಿಗಳು ನೆಲದ ಹಿಡಿತ ಕಳೆದುಕೊಳ್ಳುತ್ತವೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗದು. ಹೊಲದಲ್ಲಿ ಸುಲಭವಾಗಿ ತಿರುಗಲೆಂದು ಟ್ರ್ಯಾಕ್ಟರಿಗೆ ಎಡಗಾಲಿ ಬಲಗಾಲಿಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಕೊಟ್ಟಿರುತ್ತಾರೆ. ರಸ್ತೆಗಿಳಿದಾಗ ಎರಡನ್ನೂ ಜೋಡಿಸುವ ಕೀಲನ್ನು ಹಾಕಲು ಮರೆತರೆ ಬ್ರೇಕ್ ಒತ್ತಿದ ಕ್ಷಣ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ನಿಧಾನಕ್ಕೆ ಬರುತ್ತಿದೆ, ನಿಲ್ಲುತ್ತದೆ ಎಂಬ ನಂಬಿಕೆಯಿಂದ ಟ್ರ್ಯಾಕ್ಟರಿನ ಮುಂದೆ ದಾಟಬಾರದು ಎನ್ನುವುದು ಇದಕ್ಕೇ.

ನಿಧಾನದ ಗಾಡಿಗೆ ಮರೆಯ ಅಪಾಯವೂ ಇದೆ. ಟ್ರ್ಯಾಕ್ಟರ್ ದೂರವಿದೆಯೆಂದು ದಾಟಲು ಹೊರಟವರಿಗೆ ಅದರ ಹಿಂದಿನಿಂದ ಬಲಕ್ಕೆ ಹೊರಬಂದು ಮುನ್ನುಗ್ಗುವ ಬೈಕು, ಕ್ರೂಸರ್ ಕಾಣುವುದಿಲ್ಲ. ಆ ಬೈಕಿನವನಿಗೂ ಇವರು ಕಾಣುವುದಿಲ್ಲ. ಹೊತ್ತು ಮುಳುಗಿದ ಮೇಲೆ ಒಂದೇ ದೀಪ ಉರಿಯುವ ಟ್ರ್ಯಾಕ್ಟರ್ ದೂರದಿಂದ ಬೈಕಿನಂತೆ ತೋರುತ್ತದೆ. ಅಂಚಿಗೆ ಸರಿದರೆ ಸಾಕೆಂದುಕೊಂಡವರ ಮೈಗೆ ಚಾಚಿದ ಗಳ ಬಡಿಯುತ್ತದೆ. ಕಾರ್ಖಾನೆಯ ಹತ್ತಿರ ಪಾಳಿಗೆ ನಿಂತ ಗಾಡಿಗಳ ಸಾಲು ರಸ್ತೆಯ ಮಣ್ಣಿನ ಅಂಚನ್ನೆಲ್ಲ ನುಂಗಿಬಿಟ್ಟಾಗ ಕೂಲಿಗೆ ಹೋಗಿ ಮರಳುವವರು ಡಾಂಬರಿನ ಮೇಲೆಯೇ ನಡೆಯಬೇಕಾಗುತ್ತದೆ. ಹಂಗಾಮಿನ ಹೊತ್ತಿಗೆ ಪೊಲೀಸರೂ ಕಾರ್ಖಾನೆಯವರೂ ಟ್ರೇಲರುಗಳ ಹಿಂಬದಿಗೆ ರಿಫ್ಲೆಕ್ಟರ್ ಅಂಟಿಸುವ ಅಭಿಯಾನ ನಡೆಸುವ ರೂಢಿಯಿದೆ. ಕೆಂಪು ಪಟ್ಟಿ ದೊಡ್ಡ ಉಪಕಾರ, ಆದರೆ ಅದು ಹಿಂದಿನಿಂದ ಬರುವ ವಾಹನದವನಿಗೆ. ನಡೆಯುವವನ ಪಾಲಿಗೆ ಟ್ರೇಲರಿನ ಬದಿಗೆ, ಕಬ್ಬು ಚಾಚಿದ ಅಗಲಕ್ಕೆ ಗುರುತು ಇರುವುದು ಹೆಚ್ಚು ಮುಖ್ಯ. ಕಬ್ಬು ಹೇರಿದ ಎತ್ತಿನ ಗಾಡಿಗಳಿಗೂ ಇದೇ ಮಾತು.

ಮಕ್ಕಳು ಓಡುವ ಟ್ರೇಲರಿನಿಂದ ಕಬ್ಬು ಜಗ್ಗುವುದನ್ನು ಊರಲ್ಲಿ ಹುಡುಗಾಟವೆಂದು ನೋಡಿಬಿಡುತ್ತಾರೆ. ಗಳ ಸಿಕ್ಕಿಕೊಂಡು ಕೈ ಎಳೆದರೆ ಮಗು ಬೀಳುವುದು ಗಾಲಿಯ ಬದಿಗೇ. ಎರಡು ಟ್ರೇಲರಿನ ನಡುವಿನ ಕೊಂಡಿ ದಾಟಿ ಆ ಬದಿಗೆ ನುಸುಳುವುದೂ ಅಷ್ಟೇ ಘೋರ, ಗಾಡಿ ನಿಂತಿದ್ದರೂ ಸರಿಯೇ. ಚಾಲಕರ ಟೇಪಿನ ಅಬ್ಬರದಲ್ಲಿ ಹೊರಗಿನ ಕೂಗು ಅವರ ಕಿವಿಗೆ ಬೀಳುವುದಿಲ್ಲ. ಶಿಕ್ಷಕರೂ ಮನೆಯ ಹಿರಿಯರೂ ದೀಪಾವಳಿ ರಜೆ ಮುಗಿದ ಕೂಡಲೇ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು.

ದಾಟುವ ಲೆಕ್ಕ

ಎರಡು ಲೇನಿನ ರಸ್ತೆಯ ಡಾಂಬರು ಸುಮಾರು 7 ಮೀಟರ್. ಆರೋಗ್ಯವಂತ ವಯಸ್ಕರು ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾರೆ, ದಾಟಲು 6 ಸೆಕೆಂಡು. ಅಷ್ಟರಲ್ಲಿ ಗಂಟೆಗೆ 60 ಕಿ.ಮೀ. ವೇಗದ ವಾಹನ 100 ಮೀಟರ್ ಬಂದಿರುತ್ತದೆ. ಸೆಕೆಂಡಿಗೆ 0.8 ಮೀಟರಿನಂತೆ ನಡೆಯುವ ಅಜ್ಜಿಗೆ 9 ಸೆಕೆಂಡು ಹಿಡಿಯುತ್ತದೆ, ವಾಹನ 150 ಮೀಟರ್ ಬಂದಿರುತ್ತದೆ. ಆಕೆಯ ಕೈ ಹಿಡಿದು ದಾಟಿಸುವವರು ತಮ್ಮ ನಡಿಗೆಯ ಲೆಕ್ಕ ಬಿಟ್ಟು ಆಕೆಯ ನಡಿಗೆಯ ಲೆಕ್ಕ ಹಾಕಬೇಕು.

ವೇಗದ ಮಾತು ಇದಕ್ಕಿಂತ ಕಠೋರ. ಮಗುವೊಂದು ವಾಹನಕ್ಕೆ 20 ಮೀಟರ್ ಮುಂದೆ ರಸ್ತೆಗೆ ಓಡಿ ಬಂದಿತೆನ್ನಿ. 30 ಕಿ.ಮೀ. ವೇಗದಲ್ಲಿ ಬರುವ ಕಾರು, ಚಾಲಕ ಎಚ್ಚೆತ್ತುಕೊಳ್ಳುವ ಒಂದು ಸೆಕೆಂಡನ್ನೂ ಸೇರಿಸಿ, ಒಣ ರಸ್ತೆಯಲ್ಲಿ 13-14 ಮೀಟರಿನಲ್ಲಿ ನಿಲ್ಲುತ್ತದೆ. ಮಗು ಉಳಿಯುತ್ತದೆ. 50ರ ವೇಗದ ಕಾರು ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಬಂದಿರುತ್ತದೆ, ಉಳಿದ 6 ಮೀಟರಿನಲ್ಲಿ ಎಷ್ಟೇ ಬ್ರೇಕ್ ಹಾಕಿದರೂ ಸುಮಾರು 37 ಕಿ.ಮೀ. ವೇಗದಲ್ಲಿ ಮಗುವಿಗೆ ಗುದ್ದುತ್ತದೆ. ಶಾಲೆ, ಸಂತೆ, ಬಸ್ ನಿಲ್ದಾಣಗಳ ಬಳಿ 30ರ ಮಿತಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಒತ್ತಿ ಹೇಳುವುದರ ಹಿಂದೆ ಇರುವುದು ಈ ಲೆಕ್ಕವೇ. ಜಮಖಂಡಿಯ ಅಥವಾ ಬನಹಟ್ಟಿಯ ಮುಖ್ಯ ರಸ್ತೆಯಲ್ಲಿ 30ಕ್ಕೆ ಓಡಿಸಿದರೆ ಊರು ದಾಟಲು ಹೆಚ್ಚಿಗೆ ಹಿಡಿಯುವುದು ಕೆಲವೇ ನಿಮಿಷ.

ಮಗ್ಗದ ಸದ್ದಿನಿಂದ ಹೊರಬಂದವರು

ರಬಕವಿ-ಬನಹಟ್ಟಿಗೆ ಮಾತ್ರ ಸೇರಿದ, ಯಾರೂ ಹೆಚ್ಚಾಗಿ ಗಮನಿಸದ ಒಂದು ಸಂಗತಿಯಿದೆ. ಪಾವರ್‌ಲೂಮ್ ಶೆಡ್ಡಿನಲ್ಲಿ ಲಾಳಿ ಬಡಿಯುವ ಸದ್ದು ಮಾತು ಕೇಳಿಸದಷ್ಟು ಜೋರು. ಅದರ ನಡುವೆ ತಾಸುಗಟ್ಟಲೆ ನಿಂತು ಹೊರಬಂದವರ ಕಿವಿ ಕೆಲ ಹೊತ್ತು ಮಂದವಾಗುತ್ತದೆ. ವರ್ಷಗಟ್ಟಲೆ ದುಡಿದವರಿಗೆ ಅದು ಕಾಯಂ ಕಿವುಡಾಗಿಯೂ ಉಳಿಯಬಹುದು. ಪಾಳಿ ಮುಗಿಸಿ ರಾತ್ರಿ ಮನೆಗೆ ಹೊರಟ ನೇಕಾರನಿಗೆ ಹಿಂದಿನಿಂದ ಬರುವ ಟಂಟಂ ಸದ್ದು, ಬೈಕಿನ ಹಾರ್ನು ತಡವಾಗಿ ಕೇಳಿಸುತ್ತದೆ, ಇಲ್ಲವೇ ಕೇಳಿಸುವುದೇ ಇಲ್ಲ. ಸದ್ದಿಲ್ಲದೆ ಬರುವ ಬ್ಯಾಟರಿ ಸ್ಕೂಟರುಗಳು ಹೆಚ್ಚಿದಂತೆ ಈ ತೊಂದರೆ ಬೆಳೆಯುತ್ತದೆ. ಇಂಥವರು ವಾಹನಕ್ಕೆ ಬೆನ್ನು ಕೊಟ್ಟು ನಡೆಯಲೇಬಾರದು. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಗೆ, ಎದುರಿನ ವಾಹನ ಕಾಣುವಂತೆ ನಡೆಯುವ ನಿಯಮ ಎಲ್ಲರಿಗೂ ಒಳ್ಳೆಯದು. ನೇಕಾರರಿಗಂತೂ ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸುವ ಉಪಾಯ ಅದೊಂದೇ. ಶೆಡ್ಡಿನಲ್ಲಿ ಕಿವಿಗೆ ಮುಚ್ಚಳ ಹಾಕಿಕೊಳ್ಳುವುದು ದುಡಿಮೆಯ ಆರೋಗ್ಯದ ಮಾತು ಹೇಗೋ ಹಾಗೆ ರಸ್ತೆ ಸುರಕ್ಷತೆಯ ಮಾತೂ ಹೌದು.

ಬಸ್ ನಿಲ್ದಾಣದ ಬಾಗಿಲು

ರಾಜ್ಯದಲ್ಲಿ 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಜಾರಿಯಾದ ಮೇಲೆ ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಓಡಾಟ ಹೆಚ್ಚಿದೆ. ಬಸ್ಸು ಪುಕ್ಕಟೆಯಾದರೂ ಮನೆಯಿಂದ ನಿಲ್ದಾಣದವರೆಗಿನ ದಾರಿ ಕಾಲ್ನಡಿಗೆಯದೇ. ನಿಲ್ದಾಣದ ಬಾಗಿಲಲ್ಲಿ ಒಳಬರುವ ಬಸ್ಸು, ಹೊರಹೋಗುವ ಬಸ್ಸು, ಟಂಟಂ, ಕ್ರೂಸರ್, ಹಣ್ಣಿನ ಗಾಡಿ, ಕಂಕುಳಲ್ಲಿ ಕೂಸು ಹೊತ್ತ ತಾಯಂದಿರು ಎಲ್ಲ ಒಂದೇ ಕಿಂಡಿಯಲ್ಲಿ ನುಗ್ಗುತ್ತಾರೆ. ಬಸ್ಸು ಹಿಂದಕ್ಕೆ ಸರಿಯುವಾಗ ಕಂಡಕ್ಟರ್ ಇಳಿದು ಸೀಟಿ ಹೊಡೆಯುವ ಹಳೆಯ ಪದ್ಧತಿ ಉಳಿಸಿಕೊಳ್ಳಬೇಕಾದದ್ದು. ಬಸ್ಸಿಳಿದವರು ಅದರ ಮುಂದಿನಿಂದ ದಾಟದೆ, ಅದು ಹೊರಟು ರಸ್ತೆ ಎರಡೂ ಕಡೆ ಕಂಡ ಮೇಲೆ ದಾಟಬೇಕು. ನಡೆಯುವವರಿಗೆ ಬೇರೆಯೇ ಒಂದು ಬಾಗಿಲು ತೆರೆದುಕೊಡುವುದಕ್ಕೆ ದೊಡ್ಡ ಅನುದಾನವೇನೂ ಬೇಡ.

ಕಂಬಿ ಹೊತ್ತ ದಾರಿ

ಯುಗಾದಿಗೆ ಮುಂಚೆ ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳಿಂದ ಸಾವಿರಾರು ಭಕ್ತರು ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಪಂಢರಪುರದ ವಾರಕರಿಗಳ ದಿಂಡಿಯೂ ಈ ಸೀಮೆಗೆ ಹೊಸದಲ್ಲ. ಬೇಸಿಗೆಯ ಬಿಸಿಲಿಗೆ ಅಂಜಿ ಪಾದಯಾತ್ರಿಗಳು ನಸುಕಿನಲ್ಲಿ, ರಾತ್ರಿಯಲ್ಲಿ ನಡೆಯುತ್ತಾರೆ. ವಾಹನದವರಿಗೆ ನಿದ್ದೆ ಹತ್ತುವ ಹೊತ್ತೂ ಅದೇ. ಹಂಗಾಮಿನ ಕೊನೆಯ ಕಬ್ಬೂ ಆಗ ಓಡುತ್ತಿರುತ್ತದೆ.

ಬಿಳಿ ಅಂಗಿ, ಬಿಳಿ ಪಂಚೆ ದೀಪದ ಬೆಳಕಿಗೆ ಕಾಣುತ್ತದೆ ನಿಜ, ಆದರೆ ಹೊಳೆಯುವ ಪಟ್ಟಿಯೊಂದನ್ನು ಕಂಬಿಗೂ ಚೀಲಕ್ಕೂ ಸುತ್ತಿದರೆ ಅದಕ್ಕಿಂತ ಬಹಳ ದೂರದಿಂದ ಕಾಣುತ್ತದೆ. ತಂಡವಾಗಿ ಹೋಗುವವರು ಒಬ್ಬರ ಹಿಂದೊಬ್ಬರಂತೆ ಸಾಲಾಗಿ ನಡೆದು, ಮುಂದಿನವರ ಕೈಯಲ್ಲಿ ಬಿಳಿ ದೀಪ, ಕೊನೆಯವರ ಬೆನ್ನಿಗೆ ಕೆಂಪು ದೀಪ ಇಟ್ಟುಕೊಳ್ಳಬೇಕು. ಮೊಬೈಲಿನ ಟಾರ್ಚನ್ನು ಎದುರಿನ ಚಾಲಕನ ಕಣ್ಣಿಗೆ ಹಿಡಿಯದೆ ನೆಲಕ್ಕೆ ಹಿಡಿಯಬೇಕು. ದಣಿದವರು ರಸ್ತೆಯ ಅಂಚಿನಲ್ಲಿ ಅಡ್ಡಾಗುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ದಾಸೋಹ ನಡೆಸುವ ಪುಣ್ಯಾತ್ಮರು ಪೆಂಡಾಲನ್ನು ಡಾಂಬರಿನಿಂದ ದೂರ, ಭಕ್ತರು ನಡೆಯುವ ಬದಿಗೇ ಹಾಕಿದರೆ ಊಟಕ್ಕಾಗಿ ಹೆದ್ದಾರಿ ದಾಟುವುದು ತಪ್ಪುತ್ತದೆ.

ಮಳೆಗಾಲದ ಅಪಾಯ ಬೇರೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಾಗ ಈ ತಾಲ್ಲೂಕುಗಳ ಹಲವು ಸೇತುವೆಗಳು ಮುಳುಗಿದ್ದವು. ಮುಳುಗಿದ ಸೇತುವೆಯ ಮೇಲೆ ಮೊಣಕಾಲಿನ ಕೆಳಗಿನ ನೀರೂ, ಸೆಳವಿದ್ದರೆ, ವಯಸ್ಕರನ್ನು ಕೆಡವಬಲ್ಲದು.

ಫುಟ್‌ಪಾತ್ ಮತ್ತು ಕಾನೂನು

ನಡೆಯುವವರೇ ಜೋಪಾನವಾಗಿರಬೇಕೆಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಕಾನೂನು ಅವರ ಪರವಾಗಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಂತೆ ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಗಡಿ ಬೀದಿಯಲ್ಲಿ ಇನ್ನೂ ಹೆಚ್ಚು. ಎತ್ತರ 150 ಮಿಲಿಮೀಟರ್ ಮೀರಬಾರದು. ನಮ್ಮಲ್ಲಿ ಗಟಾರದ ಮೇಲೆ ಮೊಣಕಾಲೆತ್ತರಕ್ಕೆ ಕಲ್ಲು ಹಾಸಿ ಅದನ್ನೇ ಫುಟ್‌ಪಾತ್ ಎಂದು ಕರೆಯುತ್ತಾರೆ. ಮೊಣಕಾಲು ನೋವಿನ ಹಿರಿಯರು ಅದನ್ನು ಹತ್ತಲಾರದೆ ರಸ್ತೆಗಿಳಿಯುತ್ತಾರೆ. ಎತ್ತರ ಕಡಿಮೆ ಮಾಡಿ, ಒಡೆದ ಹಾಸುಗಲ್ಲು ಬದಲಿಸಿದರೆ ಹಳೆಯ ಪ್ಯಾಟಿಯಲ್ಲೂ ಗಟಾರದ ಮೇಲಿನ ಜಾಗವೇ ಒಳ್ಳೆಯ ಕಾಲುದಾರಿಯಾಗುತ್ತದೆ.

2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಸಿಗ್ನಲ್ ಇಲ್ಲದ ಪಾದಚಾರಿ ದಾಟುಗಳಲ್ಲಿ ಚಾಲಕ ವೇಗ ತಗ್ಗಿಸಿ, ನಿಂತು, ನಡೆಯುವವರಿಗೆ ದಾರಿ ಬಿಡಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಮಿತಿಮೀರಿ ಸರಕು ಹೇರಿದರೆ 20 ಸಾವಿರ ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2 ಸಾವಿರ ದಂಡ ಹೇಳುತ್ತದೆ. ಅಪ್ರಾಪ್ತರ ಕೈಗೆ ವಾಹನ ಕೊಟ್ಟ ಪಾಲಕರಿಗೆ ಅಥವಾ ಮಾಲೀಕರಿಗೆ 25 ಸಾವಿರ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸದ ಶಿಕ್ಷೆಯಿದೆ. ರಸ್ತೆಯನ್ನು ನಿಗದಿತ ಗುಣಮಟ್ಟಕ್ಕೆ ತಕ್ಕಂತೆ ಕಟ್ಟದ, ನಿರ್ವಹಿಸದ ಅಧಿಕಾರಿ ಅಥವಾ ಗುತ್ತಿಗೆದಾರರಿಗೂ, ಅದರಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ, 1 ಲಕ್ಷದವರೆಗೆ ದಂಡ ಬೀಳಬಹುದು. 2025ರ ಮೇ 14ರಂದು ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಒತ್ತುವರಿ ತೆರವು ಮಾಡಿ ಅಂಗವಿಕಲರಿಗೂ ಅನುಕೂಲವಾಗುವ ಕಾಲುದಾರಿ ಒದಗಿಸುವಂತೆ ಸೂಚಿಸಿತು. ಬೀದಿ ವ್ಯಾಪಾರಿಗಳಿಗೂ 2014ರ ಕಾಯ್ದೆಯ ರಕ್ಷಣೆಯಿದೆ. ಅವರನ್ನು ಓಡಿಸುವುದು ಪರಿಹಾರವಲ್ಲ, ಗುರುತಿಸಿದ ಜಾಗ ಕೊಡುವುದು ಪರಿಹಾರ.

ಅಪಘಾತವಾದಾಗ

ಮೊದಲು ಮಾಡಬೇಕಾದದ್ದು 108 ಅಥವಾ 112ಕ್ಕೆ ಕರೆ. ಗಾಯಾಳುವಿಗೆ ನೆರವಾದವರು ಹೆಸರು ಹೇಳಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ನೆರವಾಗುವವರ ರಕ್ಷಣೆಗೆ ಕರ್ನಾಟಕದಲ್ಲಿ 2016ರ ಕಾಯ್ದೆಯಿದೆ. 2019ರ ತಿದ್ದುಪಡಿಯ 134ಎ ಕಲಮು ಅದೇ ರಕ್ಷಣೆಯನ್ನು ದೇಶಕ್ಕೆಲ್ಲ ಕೊಟ್ಟಿದೆ. ಕೇಂದ್ರದ 2025ರ ಯೋಜನೆಯಂತೆ ಗಾಯಾಳುವಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದಿಲ್ಲದೆ ಸಿಗಬೇಕು. ಟ್ರ್ಯಾಕ್ಟರಿನ ನಂಬರಿನ ಜೊತೆಗೆ ಟ್ರೇಲರುಗಳ ನಂಬರನ್ನೂ ಬರೆದುಕೊಳ್ಳಬೇಕು, ಏಕೆಂದರೆ ಅವುಗಳ ನೋಂದಣಿ ಬೇರೆಯೇ ಇರುತ್ತದೆ. ಗುದ್ದಿದ ವಾಹನ ಸಿಗದೇ ಹೋದರೂ ಪರಿಹಾರ ಇಲ್ಲವೆಂದು ಕೈಚೆಲ್ಲಬಾರದು. 2022ರ ಏಪ್ರಿಲ್ 1ರಿಂದ ಇಂಥ ಪ್ರಕರಣದಲ್ಲಿ ಸತ್ತವರ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯವಾದವರಿಗೆ 50 ಸಾವಿರ ರೂಪಾಯಿ ಸಿಗುತ್ತದೆ. ಅದಕ್ಕೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಬೇಕು.

ನಗರಸಭೆ, ಪಟ್ಟಣ ಪಂಚಾಯಿತಿ, ಪೊಲೀಸ್ ಠಾಣೆ, ಕಾರ್ಖಾನೆಗಳ ಆಡಳಿತ ಮತ್ತು ರೈತ ಸಂಘಟನೆಗಳು ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲೇ ಒಂದೆಡೆ ಕೂಡಬೇಕು. ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಕಬ್ಬಿನ ಗಾಡಿಗಳು ಊರೊಳಗೆ ಬಾರದಂತೆ ವೇಳೆ ಗೊತ್ತುಮಾಡಬೇಕು, ಪಾಳಿ ನಿಲ್ಲುವ ಗಾಡಿಗಳಿಗೆ ರಸ್ತೆಯಿಂದಾಚೆ ಜಾಗ ಕೊಡಬೇಕು, ಸರ್ಕಲ್ಲುಗಳ ಒಳಮೂಲೆಗೆ ಕಂಬ ನೆಟ್ಟು ದೀಪ ಹಾಕಬೇಕು. ಈ ಮೂರು ಕೆಲಸ ಮೊದಲ ಟ್ರೇಲರ್ ಕಾರ್ಖಾನೆಯ ಕಾಟಾ ಏರುವ ಮುಂಚೆ ಮುಗಿದಿರಲಿ.